ಫ್ಯಾಂಟಮ್ಮನೂ ಬಭ್ರುವಾಹನನೂ

ಚಿತ್ರಕಥೆಯ ಪುಸ್ತಕಗಳು ಮಕ್ಕಳ ಓದಿಗೆ ಮೀಸಲಾದುವು, ಅವುಗಳ ವಿಚಾರವಾಗಿ ಸಾಹಿತ್ಯ ಪತ್ರಿಕೆಯಲ್ಲಿ ಬರೆಯುವುದು ಪ್ರೌಢರಿಗೆ ತಕ್ಕುದಲ್ಲ ಎನ್ನುವ ಮಿತ್ರರು ನನಗೆ ಕೆಲವರಿದ್ದಾರೆ. ಹಲಸೂರಿನಲ್ಲಿ ಬೆಳೆದ ಈ ಮಿತ್ರರೇ ಬಾಲ್ಯದಲ್ಲಿ ಇಂದ್ರಜಾಲ ಕಾಮಿಕ್ಸಿನ ಸಂಚಿಕೆಗಳನ್ನು ಭೂಗೋಳದ ಪುಸ್ತಕದೊಳಗೆ ಅಡಗಿಸಿಕೊಂಡು ಓದುತ್ತಿದ್ದುದನ್ನು ನಾನು ಕಣ್ಣಾರೆ ಕಂಡವನಾದುದರಿಂದ ಅವರ ಆಕ್ಷೇಪಣೆಯನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಮೇಲಾಗಿ ನಾನು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಮಕ್ಕಳದಲ್ಲ. ಹಲವು ಕೈಗಳಲ್ಲಿ, ಹಲವು ಕಾಲಗಳಲ್ಲಿ, ಒಂದಕ್ಕೊಂದು ಹೊಂದದಂತೆ ಬೆಳೆದ ವೀರಕಥೆಯೊಂದನ್ನು ಎರಡು ಮೂರು ಗಂಟೆಗಳ ಚಲಚ್ಚಿತ್ರಕ್ಕೆ ಇಳಿಸಬೇಕಾದವನು ಯಾವ ಪಾಠವನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಗ್ರಂಥಸಂಪಾದನೆ ಮಾಡುವ ಪಂಡಿತನಿಗೂ ಈ ಕಷ್ಟವಿದೆ; ಆದರೆ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಸೇರಿಸುವ ಅನುಕೂಲ ಅವನಿಗುಂಟು. ಬೆಳ್ಳಿತೆರೆಗೆ ಅಡಿಟಿಪ್ಪಣಿಯಿಲ್ಲ.

ಉದಾಹರಣೆಗಾಗಿ ಫ್ಯಾಂಟಮ್ಮನನ್ನು ತೆಗೆದುಕೊಳ್ಳುತ್ತೇನೆ. ಅವನ ಸ್ವದೇಶವಾದ ಅಮೆರಿಕದಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಮೊದಲಾದವರ ಹೆಸರು ಮನೆಮಾತಾಗಿರುವಷ್ಟು ಇವನ ಹೆಸರು ಆಗಿಲ್ಲ. ನಮ್ಮ ಬೆಂಗಳೂರಿನ ದಂಡಿನಲ್ಲಾದರೋ ಒಂದು ಕಾಲಕ್ಕೆ ಸ್ಥಿತಿ ತಲೆಕೆಳಗಾಗಿದ್ದಿತು. ತಮಿಳು, ಉರ್ದು, ತೆಲುಗು, ಕನ್ನಡ, ಇಂಗ್ಲಿಷ್ ಎಂಬ ಐದು ಭಾಷೆಗಳ ಮಕ್ಕಳು ಒಂದೇ ಬೀದಿಯಲ್ಲಿ ಆಡುತ್ತಿದ್ದೆವು. ನಮ್ಮೆಲ್ಲರಿಗೂ ಸಮಾನವಾಗಿದ್ದ ಪುರಾಣಪುರುಷನೆಂದರೆ ಇವನೊಬ್ಬನೇ ಎಂದರೂ ಸಲ್ಲುತ್ತದೆ. ಶಿವಾಜಿನಗರದ ಹಳೆಯ ಕಾಗದದ ಅಂಗಡಿಗಳಲ್ಲಿ ರಟ್ಟು ಹರಿದ ಸಂಚಿಕೆಗಳು ತೂಕಕ್ಕೆ ಬಂದು ಬೀಳುತ್ತಿದ್ದುವು. ಯಾವುದಕ್ಕೂ ಹಿಂದು ಮುಂದಿಲ್ಲ. ಒಂದರಲ್ಲಿ ಸತ್ತವನು ಇನ್ನೊಂದರಲ್ಲಿ ಬದುಕಿರುತ್ತಿದ್ದನು. ಕಥೆಯ ಕ್ರಮವೆಂಬುದು ಅಂಗಡಿಯವನ ತಕ್ಕಡಿಯನ್ನು ಅವಲಂಬಿಸಿದ್ದಿತು.

ತಿಳಿಯದವರಿಗಾಗಿ ಅವನ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬೇಕು. ಲೀ ಫಾಕ್ ಎಂಬ ಲೇಖಕನು 1936ನೆಯ ಫೆಬ್ರವರಿ 17ರಿಂದ ಅಮೆರಿಕದ ದಿನಪತ್ರಿಕೆಗಳಲ್ಲಿ ಈ ಕಥೆಯನ್ನು ಆರಂಭಿಸಿದನು. ಮೊದಲಿಗೆ ಚಿತ್ರಗಳನ್ನು ಬರೆದವನು ರೇ ಮೂರ್. ಮೈಗೆ ಅಂಟಿದ ಉಡುಪು, ಕಣ್ಣಾಲಿ ಕಾಣದ ಮುಖವಾಡ, ಇವುಗಳೊಡನೆ ಚಿತ್ರಪಟಗಳಿಗೆ ಬಂದ ವೀರರಲ್ಲಿ ಇವನೇ ಮೊದಲಿಗನೆಂದು ಹೇಳಬಹುದು; ಸೂಪರ್‌ಮ್ಯಾನ್ ಹುಟ್ಟಿದುದು 1938ರಲ್ಲಿ. ನಾಲ್ಕು ನೂರು ವರ್ಷಗಳ ಕೆಳಗೆ ಕಡಲ್ಗಳ್ಳರು ಒಂದು ಹಡಗನ್ನು ಮುತ್ತಿ ಅದರ ನಾಯಕನನ್ನು ಕೊಂದರು. ಅವನ ಮಗನೊಬ್ಬನು ಮಾತ್ರ ಉಳಿದು ಕಾಡಿನ ತೀರಕ್ಕೆ ಬಂದು ಬಿದ್ದನು. ಕುಳ್ಳರಾದ ಬಂಡಾರ್ ಜನರು ಅವನನ್ನು ಸಲಹಿದರು. ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು ಅವನು ದುಷ್ಟರನ್ನು ದಂಡಿಸುವುದಾಗಿ ಪ್ರತಿಜ್ಞೆ ಮಾಡಿದನು. ತನ್ನ ಸಂತಾನವೂ ಆ ಪ್ರತಿಜ್ಞೆಗೆ ಬದ್ಧವೆಂದನು. ಅವನು ಸತ್ತಾಗ ಮಗನು ಅದೇ ಮುಖವಾಡವನ್ನು ತೊಟ್ಟನು, ಆಮೇಲೆ ಮೊಮ್ಮಗನು. ಈಗಿರುವವನು 21ನೆಯವನು. ಹೊರಗಿನ ಜನಕ್ಕೆ ಈ ಗುಟ್ಟು ತಿಳಿಯದು. ನಾಲ್ಕು ಶತಮಾನಗಳಿಂದ ಒಬ್ಬನೇ ಪುರುಷನು ಸಾವಿಲ್ಲದೆ ತಿರುಗುತ್ತಿದ್ದಾನೆಂದು ನಂಬಿ ಅವರು ಅವನನ್ನು ನಡೆದಾಡುವ ಭೂತವೆಂದು ಕರೆಯುತ್ತಾರೆ.

ಕಥೆಯ ಬೀಜ ಇಷ್ಟು ಸರಳ. ಆದರೆ ಮರ ಬೆಳೆದುದು ವಕ್ರವಾಗಿ. ಲೀ ಫಾಕ್ ಮೊದಲು ಮುಖವಾಡದೊಳಗಿನ ಮನುಷ್ಯನನ್ನಾಗಿ ಯೋಚಿಸಿದ್ದುದು ಜಿಮ್ಮಿ ವೆಲ್ಸ್ ಎಂಬ ನ್ಯೂಯಾರ್ಕಿನ ಸಿರಿವಂತ ಯುವಕನನ್ನು. ಕಥೆ ನಡೆಯುತ್ತಿರುವಾಗಲೇ ಮನಸ್ಸು ಬದಲಿಸಿ ಕಾಡನ್ನೂ ವಂಶಾವಳಿಯನ್ನೂ ತಂದನು. ಪಾಪ, ಜಿಮ್ಮಿ ವೆಲ್ಸ್ ಯಾವ ಕೆಲಸವೂ ಇಲ್ಲದವನಾಗಿ ಕಥೆಯಿಂದ ಹೊರಬಿದ್ದನು. ಹಡಗು ಮುಳುಗಿದ ವರ್ಷ ಒಂದು ಕಡೆ 1525, ಮತ್ತೊಂದು ಕಡೆ 1536. ಉಡುಪಿನ ಬಣ್ಣವೂ ನಿಶ್ಚಿತವಲ್ಲ: ಅಮೆರಿಕದಲ್ಲಿ ನೇರಳೆ, ಇಟಲಿಯಲ್ಲಿ ಕೆಂಪು, ಸ್ವೀಡನ್ ಮೊದಲಾದ ಉತ್ತರದೇಶಗಳಲ್ಲಿ ನೀಲಿ. ದೇಶವಂತೂ ಖಂಡವನ್ನೇ ದಾಟಿಬಿಟ್ಟಿತು. ಆರಂಭದಲ್ಲಿ ಹುಲಿಗಳೂ ಸಿಂಗ್ ಎಂಬ ಹೆಸರಿನ ಕಡಲ್ಗಳ್ಳರೂ ಇದ್ದ ಏಷ್ಯಾದ ಬೆಂಗಾಲಿ ಎಂಬ ನಾಡು, ಕೆಲವು ದಶಕಗಳಲ್ಲಿ ಆಫ್ರಿಕದ ಬಂಗಲ್ಲ ಎಂಬ ನಾಡಾಯಿತು.

ನಮ್ಮವರು ಇದಕ್ಕೆ ಮತ್ತೊಂದು ಗಂಟನ್ನು ಹಾಕಿದರು. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯವರು 1964ನೆಯ ಮಾರ್ಚಿಯಲ್ಲಿ ಇಂದ್ರಜಾಲ ಕಾಮಿಕ್ಸನ್ನು ಫ್ಯಾಂಟಮ್ಮನ ಕಥೆಯಿಂದಲೇ ಆರಂಭಿಸಿದರು, ಹಲವು ಭಾರತೀಯ ಭಾಷೆಗಳಲ್ಲಿ, ಕನ್ನಡದಲ್ಲಿಯೂ, ಅದು ಬಂದಿತು, 1990ರಲ್ಲಿ ನಿಂತಿತು. ಬೆಂಗಾಲಿ ಎಂದರೆ ನಮ್ಮ ಬಂಗಾಳವೆಂದು ಜನ ತಪ್ಪು ತಿಳಿದಾರೆಂದು ಅವರು ಅದನ್ನು ಡೆಂಕಾಲಿ ಎಂದು ಬದಲಿಸಿದರು. ಸಿಂಗ್ ಕಡಲ್ಗಳ್ಳರು ಸಿಂಗಾ ಕಡಲ್ಗಳ್ಳರಾದರು, ಕಾರಣವನ್ನು ಹೇಳಬೇಕಾಗಿಲ್ಲ. ಈ ಬದಲಾವಣೆ ನಮ್ಮನ್ನು ಬಾಧಿಸಲಿಲ್ಲ. ಬ್ಲ್ಯಾಕ್‌ಪಲ್ಲಿ ಶಿವಾಜಿನಗರವಾದುದನ್ನೂ, ಒಂದೇ ಕೆರೆ ಇಂಗ್ಲಿಷಿನಲ್ಲಿ ಅಲ್ಸೂರು, ಕನ್ನಡದಲ್ಲಿ ಹಲಸೂರು ಆಗಿರುವುದನ್ನೂ ಕಂಡ ಮಕ್ಕಳಿಗೆ ಒಂದು ನಾಡಿಗೆ ಮೂರು ಹೆಸರಿದ್ದರೆ ಆಶ್ಚರ್ಯವೇಕಾಗಬೇಕು?

ಆದರೆ ಇಂಥ ತೊಡಕುಗಳನ್ನೆಲ್ಲ ಲೇಖಕರ ಅಜಾಗರೂಕತೆ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಕೆಲವಕ್ಕೆ ಗಾಢವಾದ ಕಾರಣವಿದೆ. 1936ರಲ್ಲಿ ಬಿಳಿಯ ಪುರುಷನೊಬ್ಬನು ಕಪ್ಪು ಜನರ ಕಾಡಿನಲ್ಲಿ ಬುರುಡೆಯ ಸಿಂಹಾಸನದ ಮೇಲೆ ಕುಳಿತು ನ್ಯಾಯ ಹೇಳುತ್ತಾನೆಂದರೆ ಓದುಗರಿಗೆ ಅದು ಸಹಜವಾಗಿ ತೋರಿತು. 1809ರಲ್ಲಿ ಸ್ಥಾಪಿತವಾದ ನಮ್ಮ ದಂಡಿನಲ್ಲಿಯೂ ಆಗ ದೊರೆಗಳೇ ಇದ್ದರು. ಕಾಲ ಬದಲಾಯಿತು. ನಮ್ಮ ದಂಡು 1947ರಲ್ಲಿ ಮೈಸೂರಿಗೆ ಮರಳಿತು, 1949ರಲ್ಲಿ ಪೇಟೆಯೊಡನೆ ಒಂದೇ ನಗರಸಭೆಗೆ ಸೇರಿತು. ಆಮೇಲೆ ಆಫ್ರಿಕದ ದೇಶಗಳು ಒಂದೊಂದಾಗಿ ಸ್ವತಂತ್ರವಾದುವು. ಲೀ ಫಾಕ್‌ನ ಕಥೆಯಲ್ಲಿಯೂ ಪರದೇಶೀಯರ ಆಳ್ವಿಕೆ ಹೋಗಿ ಲಮಾಂಡ ಲುಆಗ ಎಂಬ ಆಫ್ರಿಕದ ವೈದ್ಯನು ಬಂಗಲ್ಲದ ರಾಷ್ಟ್ರಾಧ್ಯಕ್ಷನಾದನು. ಹಿಂದಿನ ಕಥೆಗೂ ಮುಂದಿನ ಕಥೆಗೂ ಹೊಂದಿಕೆ ತಪ್ಪಿತು, ನಿಜ. ಆದರೆ ತಪ್ಪದಿದ್ದರೆ ಆ ಕಥೆಯನ್ನು ನಾವು ಮುಜುಗರವಿಲ್ಲದೆ ಓದುವುದು ಸಾಧ್ಯವಾಗುತ್ತಿರಲಿಲ್ಲ. ಪೂರ್ತಿಯಾಗಿ ಮುಜುಗರ ಹೋಗಿದೆಯೆಂದೂ ನಾನು ಹೇಳುವುದಿಲ್ಲ.

ಇಂಥವನನ್ನು ತೆರೆಗೆ ತರುವ ಪ್ರಯತ್ನ 1943ರಲ್ಲಿಯೇ ಒಮ್ಮೆ ನಡೆಯಿತು. ಕೊಲಂಬಿಯ ಸಂಸ್ಥೆಯವರು 15 ಕಂತುಗಳ ಸರಣಿ ಚಿತ್ರವನ್ನು ತೆಗೆದರು. ಟಾಮ್ ಟೈಲರ್ ನಾಯಕ. ಅದರ ವಿಚಾರ ಇಲ್ಲಿ ಬೇಡ. ದೊಡ್ಡ ಪ್ರಯತ್ನ ನಡೆದುದು 1996ರಲ್ಲಿ. ನಿರ್ದೇಶಕ ಸೈಮನ್ ವಿನ್ಸರ್, ನಾಯಕ ಬಿಲ್ಲಿ ಜೇನ್. ಖರ್ಚಾದ ಹಣದ ಅರ್ಧದಷ್ಟೂ ಅಮೆರಿಕದ ಚಿತ್ರಮಂದಿರಗಳಿಂದ ಬರಲಿಲ್ಲ. ನಾನು ಅದನ್ನು ಬಹಳ ತಡವಾಗಿ ಮನೆಯಲ್ಲಿಯೇ ಕುಳಿತು ನೋಡಿದೆನು. ನೋಡಲು ಅಂದವಾದ ಚಿತ್ರ. ನಾಯಕನು ಶಿಷ್ಟ, ಸುಮುಖ. ಕುದುರೆಯೂ ತೋಳವೂ ತಮ್ಮ ಪಾತ್ರಗಳನ್ನು ಚೆನ್ನಾಗಿ ನಿರ್ವಹಿಸಿವೆ. ಆದರೂ ಮುಗಿದ ಮೇಲೆ ಮನಸ್ಸಿನಲ್ಲಿ ಏನೂ ನಿಲ್ಲಲಿಲ್ಲ.

ಏಕೆಂದು ವಿಚಾರಿಸಿದರೆ, ಅವರು ಯಾರನ್ನೂ ಅಸಂತೋಷಪಡಿಸಲು ಇಷ್ಟಪಡಲಿಲ್ಲವೆಂದು ತೋರುತ್ತದೆ. 1936ರ ಕಡಲ್ಗಳ್ಳರ ಕಥೆಯಿದೆ. ವಿಮಾನದಲ್ಲಿ ಹಾರುವ ಕಳ್ಳಿಯರ ಕಥೆಯಿದೆ. ತಂದೆಯನ್ನು ಕೊಂದವನು ಕದ್ದ ನಡುಪಟ್ಟಿಯ ಕಥೆಯಿದೆ. ಇವು ಸಾಲದೆಂಬಂತೆ ಮೂರು ಮಾಂತ್ರಿಕ ಬುರುಡೆಗಳೂ ಇವೆ. ಕಾಲವನ್ನು 1938ಕ್ಕೆ ನಿಲ್ಲಿಸಿದುದರಿಂದ ಲುಆಗನ ಪ್ರಸ್ತಾಪವೇ ಬೇಕಾಗಲಿಲ್ಲ, ದೊರೆತನದ ಪ್ರಶ್ನೆಯನ್ನು ಸದ್ದಿಲ್ಲದೆ ದಾಟಿಹೋದರು. ಸಿಂಗ್ ಎಂಬ ಹೆಸರನ್ನು ಅವರೂ ಒಂದಕ್ಷರ ತಿದ್ದಿ ಸೆಂಗ್ ಎಂದರು; ಈ ಒಂದು ವಿಷಯದಲ್ಲಿ ಹಾಲಿವುಡ್ಡಿಗಿಂತ ನಮ್ಮ ಇಂದ್ರಜಾಲದವರು ಮೂವತ್ತು ವರ್ಷ ಮುಂದಿದ್ದರೆಂದು ಹೆಮ್ಮೆಪಡಬಹುದು. ಆದರೆ ಇವೆಲ್ಲ ಸಣ್ಣ ಮಾತು. ದೊಡ್ಡ ಮಾತೆಂದರೆ ತಂದೆಯ ಪಾತ್ರ. ಕೊಲೆಯಾದ 20ನೆಯ ಫ್ಯಾಂಟಮ್ ಆತ್ಮರೂಪದಲ್ಲಿ ಬಂದು ಮಗನೊಡನೆ ಮಾತಾಡುತ್ತಾನೆ. ಆ ಪಾತ್ರವನ್ನು ಪ್ಯಾಟ್ರಿಕ್ ಮೆಗೂಹನ್ ಎಂಬ ಹಿರಿಯ ನಟನು ಧರಿಸಿದ್ದಾನೆ. ಒಳ್ಳೆಯ ನಟ, ಗಂಭೀರವಾದ ಧ್ವನಿ. ಆದರೆ ಮುಖ ಬೇರೆ, ಮೈಕಟ್ಟು ಬೇರೆ, ಕಂಠ ಬೇರೆ. ಇಪ್ಪತ್ತೊಂದು ತಲೆಮಾರು ಒಬ್ಬನೇ ಪುರುಷನಂತೆ ತೋರಬೇಕೆಂಬುದು ಕಥೆಯ ಜೀವ. ಓದುವ ಪುಸ್ತಕದಲ್ಲಿ ಅದನ್ನು ಮಾತಿನಲ್ಲಿ ಹೇಳಬೇಕಾಗುತ್ತದೆ. ತೆರೆಯಲ್ಲಾದರೆ ಹೇಳದೆಯೇ ತೋರಿಸಬಹುದು. ಒಬ್ಬನೇ ನಟನನ್ನು ತಂದೆಯಾಗಿಯೂ ಮಗನಾಗಿಯೂ ನಿಲ್ಲಿಸಿದರೆ ಸಾಕು. ಚಿತ್ರಪಟಕ್ಕಿಲ್ಲದೆ ಚಲಚ್ಚಿತ್ರಕ್ಕೆ ಮಾತ್ರ ಇರುವ ಈ ಒಂದು ಶಕ್ತಿಯನ್ನು ಅವರು ಬಳಸಲಿಲ್ಲ.

ಈ ಕೊರತೆ ನನಗೆ ಎದ್ದು ಕಾಣಲು ಕಾರಣವಿದೆ. 1977ರಲ್ಲಿ ಕನ್ನಡದಲ್ಲಿಯೇ ಇದನ್ನು ಮಾಡಿ ತೋರಿಸಿದ್ದರು. ಹುಣಸೂರು ಕೃಷ್ಣಮೂರ್ತಿಗಳು ನಿರ್ದೇಶಿಸಿದ ಬಭ್ರುವಾಹನ ಎಂಬ ಚಿತ್ರದಲ್ಲಿ.

ಬಭ್ರುವಾಹನನೂ ಭಾರತದ ವೀರರಲ್ಲಿ ಹಿಂದಿನ ಸಾಲಿನವನು. ಅಭಿಮನ್ಯುವನ್ನು ಅರಿಯದವರಿಲ್ಲ, ಅವನ ಮಲಸೋದರನಾದ ಇವನನ್ನು ಉತ್ತರದೇಶದ ಪಂಡಿತರೇ ಕೆಲವರು ಜ್ಞಾಪಿಸಿಕೊಳ್ಳಬೇಕಾಗುತ್ತದೆ. ಕನ್ನಡದಲ್ಲಿ ಇವನು ಬಾಳಿದುದು ದೇವನೂರಿನ ಲಕ್ಷ್ಮೀಶ ಕವಿಯ ಕೃಪೆಯಿಂದ. ಇವನ ಚರಿತ್ರೆಯೂ ಫ್ಯಾಂಟಮ್ಮನದರಂತೆ ತೊಡಕಿನದು. ವ್ಯಾಸಭಾರತದ ಆಶ್ವಮೇಧಿಕ ಪರ್ವದಲ್ಲಿ ಯಾಗದ ಕುದುರೆ ಮಣಿಪುರಕ್ಕೆ ಬಂದಾಗ ಬಭ್ರುವಾಹನನು ವಿನಯದಿಂದ ಎದುರುಗೊಳ್ಳುತ್ತಾನೆ. ಶಸ್ತ್ರ ಹಿಡಿದು ಬಂದವನನ್ನು ಹೀಗೆ ಉಪಚರಿಸುವುದು ಕ್ಷತ್ರಿಯನಿಗೆ ತಕ್ಕುದಲ್ಲವೆಂದು ಅರ್ಜುನನು ಜರೆಯುತ್ತಾನೆ. ಭೂಮಿಯನ್ನು ಸೀಳಿಕೊಂಡು ಬಂದ ಉಲೂಪಿಯೇ ಯುದ್ಧಕ್ಕೆ ಪ್ರೇರಿಸುತ್ತಾಳೆ, ಅರ್ಜುನನು ಬಿದ್ದ ಮೇಲೆ ಮಣಿಯಿಂದ ಬದುಕಿಸುತ್ತಾಳೆ. ಭೀಷ್ಮವಧೆಯ ದೋಷ ಕಳೆಯಲು ಇದು ಬೇಕಾಗಿದ್ದಿತೆಂದು ಕಾರಣವನ್ನೂ ಹೇಳುತ್ತಾಳೆ. ಜೈಮಿನಿಯ ಕಥೆಯಲ್ಲಿ ಇದೆಲ್ಲ ಬೇರೆ. ಅಲ್ಲಿ ಅರ್ಜುನನು ಕಾಲಿಗೆರಗಿದ ಮಗನನ್ನು ಒದೆಯುತ್ತಾನೆ. ನೀನು ನನಗೆ ಹುಟ್ಟಿದವನಲ್ಲ, ವೈಶ್ಯನಿಗೆ ಹುಟ್ಟಿದವನೆಂದು ತಾಯಿಯ ಶೀಲವನ್ನೇ ಶಂಕಿಸುತ್ತಾನೆ. ಕರ್ಣನ ಮಗ ವೃಷಕೇತು ಆ ಯುದ್ಧದಲ್ಲಿ ಮಡಿಯುತ್ತಾನೆ. ಅರ್ಜುನನ ತಲೆಯೇ ಹಾರುತ್ತದೆ. ಮಣಿಗಾಗಿ ನಾಗರೊಡನೆ ಇನ್ನೊಂದು ಯುದ್ಧ, ಕೊನೆಗೆ ಕೃಷ್ಣನ ಆಗಮನ. ನಡುವೆ ತಂದೆ ಮಕ್ಕಳ ಕಾಳಗಕ್ಕೆ ದೃಷ್ಟಾಂತವಾಗಿ ಕುಶಲವರ ಕಥೆಯೂ ಪೂರ್ತಿಯಾಗಿ ಸೇರಿಕೊಂಡಿದೆ.

ಈ ಎರಡರಲ್ಲಿ ಯಾವುದು ನಿಜವಾದ ಬಭ್ರುವಾಹನನ ಕಥೆ? ನಮ್ಮ ಹಿರಿಯರು ಈ ಪ್ರಶ್ನೆಯನ್ನು ಕೇಳಿದ್ದು ನನಗೆ ನೆನಪಿಲ್ಲ. ವ್ಯಾಸರಲ್ಲಿ ಇಲ್ಲದ ವೀರಕುಮಾರರು ಬೆಂಗಳೂರಿನ ಕರಗದಲ್ಲಿ ದ್ರೌಪದಿಯ ಮಕ್ಕಳಾಗಿ ಕತ್ತಿ ಹಿಡಿದು ಹೋಗುವಾಗ ಯಾರೂ ಗ್ರಂಥ ತೆರೆದು ನೋಡುವುದಿಲ್ಲವಷ್ಟೆ. ಆದರೆ ಚಿತ್ರ ತೆಗೆಯುವವರಿಗೆ ಆಯ್ಕೆ ಅನಿವಾರ್ಯ. ಹುಣಸೂರು ಕೃಷ್ಣಮೂರ್ತಿಗಳು ನಾಟಕರಂಗದಿಂದ ಬಂದವರು. ಸತ್ಯಹರಿಶ್ಚಂದ್ರ, ಭಕ್ತ ಕುಂಬಾರಗಳನ್ನು ಆಗಲೇ ತೆಗೆದು ಪಳಗಿದ್ದವರು. ಸಭಿಕರ ಹೃದಯ ಎಲ್ಲಿ ಹಿಡಿಸುತ್ತದೆಂಬುದನ್ನು ಬಲ್ಲವರಾದುದರಿಂದ ಪಾಠಾಂತರಗಳನ್ನು ಸಮನ್ವಯಗೊಳಿಸುವ ಗೋಜಿಗೆ ಹೋಗಲಿಲ್ಲ. ಅರ್ಜುನನ ತೀರ್ಥಯಾತ್ರೆಯನ್ನೂ ವಿವಾಹಗಳನ್ನೂ ಪೂರ್ವಾರ್ಧಕ್ಕೆ ಇಟ್ಟು, ತಂದೆಯು ಮಗನನ್ನು ತನ್ನವನಲ್ಲವೆಂದ ಆ ಒಂದು ಅವಮಾನದ ಸುತ್ತ ಉತ್ತರಾರ್ಧವನ್ನು ಕಟ್ಟಿದರು. ಭೀಷ್ಮವಧೆಯ ದೋಷಕ್ಕಿಂತ ತಾಯಿಗೆ ಬಂದ ಅಪವಾದ ದೊಡ್ಡದೆಂಬುದು ಕೃಷ್ಣರಾಜಪುರದ ಕಡೆಯ ಟೆಂಟಿನಲ್ಲಿ ನೆಲದ ಮೇಲೆ ಕುಳಿತು ನೋಡುತ್ತಿದ್ದ ನಮಗೆಲ್ಲ ಥಟ್ಟನೆ ಹೊಳೆಯಿತು.

ಎರಡು ಪಾತ್ರಗಳನ್ನೂ ರಾಜಕುಮಾರರೇ ಧರಿಸಿದರು. ದ್ವಿಪಾತ್ರವೆಂದರೆ ಸಾಮಾನ್ಯವಾಗಿ ಜನಾಕರ್ಷಣೆಗಾಗಿ ಮಾಡುವ ಚಮತ್ಕಾರ. ಇಲ್ಲಿ ಅದು ಕಥೆಯ ಅರ್ಥವೇ ಆಗಿಬಿಟ್ಟಿತು. ನೀನು ನನ್ನ ಮಗನಲ್ಲವೆಂದು ಅರ್ಜುನನು ಹೇಳುವಾಗ ಎದುರಿಗೆ ನಿಂತಿರುವವನ ಮುಖ ಅವನದೇ ಮುಖ. ಸಭೆಗೆಲ್ಲ ಕಾಣುತ್ತಿರುವುದು ಅವನೊಬ್ಬನಿಗೆ ಕಾಣುವುದಿಲ್ಲ. ಇದಕ್ಕೆ ಸಂಭಾಷಣೆಯ ಸಹಾಯ ಬೇಡ, ಸಾಕ್ಷಿ ಬೇಡ. ಚಿತ್ರಾಂಗದೆಯ ಪಾತಿವ್ರತ್ಯಕ್ಕೆ ಆ ಮುಖಕ್ಕಿಂತ ಮಿಗಿಲಾದ ಪ್ರಮಾಣವನ್ನು ಯಾವ ಕವಿ ತಾನೆ ಕೊಡಬಲ್ಲನು? ತಂದೆ ಮಕ್ಕಳು ಒಬ್ಬರನ್ನೊಬ್ಬರು ಹಾಡಿನಲ್ಲಿಯೇ ಮೂದಲಿಸುವ ಪ್ರಸಂಗವೊಂದಿದೆ. ಅದನ್ನು ಇಂದಿಗೂ ಕನ್ನಡನಾಡಿನಲ್ಲಿ ಬಾಯಿಪಾಠವಾಗಿ ಹೇಳುವವರುಂಟು. ಟಿ. ಜಿ. ಲಿಂಗಪ್ಪನವರ ಸಂಗೀತದಲ್ಲಿ ಅದನ್ನು ಹಾಡಿದವರು ಪಿ. ಬಿ. ಶ್ರೀನಿವಾಸರೂ ಸ್ವತಃ ರಾಜಕುಮಾರರೂ. ಮುಖ ಒಂದೇ, ಕಂಠ ಎರಡು. ರಕ್ತ ಒಂದೇ ಆದರೂ ಆತ್ಮಗಳು ಬೇರೆಯೆಂಬುದನ್ನು ಕಿವಿ ಹೇಳುತ್ತಿದ್ದರೆ, ಬೇರೆಯಲ್ಲವೆಂಬುದನ್ನು ಕಣ್ಣು ಹೇಳುತ್ತಿರುತ್ತದೆ. ಅವರು ಇದನ್ನು ಯೋಚಿಸಿಯೇ ಮಾಡಿದರೋ, ಅನುಕೂಲ ನೋಡಿ ಮಾಡಿದರೋ, ನನಗೆ ಅದು ಮುಖ್ಯವಲ್ಲ.

ಇಂದಿರಾನಗರದಲ್ಲಿ ಚಿತ್ರಗಳಿಗೆ ಕಥೆ ಹೊಂದಿಸುವ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗನೊಡನೆ ಈ ಮಾತು ಬಂದಾಗ ಅವನು ಒಪ್ಪಲಿಲ್ಲ. "ಮಾವ, ನೀವು ಹೋಲಿಸುತ್ತಿರುವುದು ಎರಡು ಬೇರೆ ಬೇರೆ ನೋವುಗಳನ್ನು. ಬಭ್ರುವಾಹನನಿಗೆ ತಂದೆ ತನ್ನನ್ನು ಗುರುತಿಸಲಿಲ್ಲವೆಂಬ ದುಃಖ. ಫ್ಯಾಂಟಮ್ಮನಿಗೆ ಗುರುತಿನ ಕೊರತೆಯೇ ಇಲ್ಲ. ಅವನು ಹುಟ್ಟುವ ಮೊದಲೇ ಅವನ ಗುರುತು ಸಿದ್ಧವಾಗಿದೆ. ತನ್ನ ಮುಖ ತನಗೇ ಇಲ್ಲದವನ ಕಥೆ ಅದು. ಒಬ್ಬನೇ ನಟನನ್ನು ಹಾಕಿದರೆ ಪ್ರೇಕ್ಷಕರು ಚಪ್ಪಾಳೆ ತಟ್ಟಿಯಾರು, ಆ ಹುಡುಗನ ಉಸಿರು ಕಟ್ಟಿದ್ದು ಅವರಿಗೆ ತಿಳಿಯುತ್ತದೆಯೆ?" ಎಂದನು.

ಆಕ್ಷೇಪಣೆ ತೂಕವುಳ್ಳದ್ದು. ಇದನ್ನು ಕೇಳಿದ ಮೇಲೆ ನಾನು ಬಾಲ್ಯದಲ್ಲಿ ಕಾಣದಿದ್ದುದೊಂದು ಆ ಕಥೆಯಲ್ಲಿ ಕಾಣುತ್ತದೆ. ಓದಲು ದೂರದೇಶಕ್ಕೆ ಹೋಗಿ, ಗೆಳೆಯರೊಡನೆ ಆಡಿ, ಡಯಾನಾ ಎಂಬ ಹುಡುಗಿಯಲ್ಲಿ ಅನುರಾಗ ಬೆಳೆಸಿದ ತರುಣನೊಬ್ಬನಿಗೆ ತಂದೆಯು ಸಾಯುತ್ತಿರುವ ಸುದ್ದಿ ಬರುತ್ತದೆ. ಗುಹೆಗೆ ಹಿಂದಿರುಗುತ್ತಾನೆ, ಮುಖವಾಡ ತೊಡುತ್ತಾನೆ. ಅಲ್ಲಿಗೆ ಆ ತರುಣನಿಲ್ಲ. ಲೀ ಫಾಕ್ ಅವರಿಬ್ಬರಿಗೆ ಮದುವೆ ಮಾಡಿಸಿದುದೂ 1977ರಲ್ಲಿಯೇ, ಕಥೆ ಆರಂಭವಾಗಿ ನಲವತ್ತೊಂದು ವರ್ಷಗಳಾದ ಮೇಲೆ. ದಂಡಿನ ನಮ್ಮ ಓಣಿಯಲ್ಲಿ ತಂದೆಯ ಅಂಗಡಿಯನ್ನೋ ತಂದೆಯ ಕಚೇರಿಯ ಕುರ್ಚಿಯನ್ನೋ ಹಿಡಿದ ಎಷ್ಟೋ ಹುಡುಗರು ಆ ಸಂಚಿಕೆಗಳನ್ನು ಓದಿದ್ದರು. ಅವರಲ್ಲೊಬ್ಬನಾದರೂ ಆ ಗುಹೆಯ ಪುಟವನ್ನು ತಿರುಗಿಸುವಾಗ ಒಂದು ಕ್ಷಣ ತಡೆದಿದ್ದರೆ ಅದು ಸಹಜವೇ.

ಆದರೆ ನನ್ನ ಅಳಿಯನ ಮಾತಿನಿಂದ ನನ್ನ ವಾದ ಬಿದ್ದುಹೋಯಿತೆಂದು ನನಗೆ ತೋರುವುದಿಲ್ಲ. ಉಸಿರು ಕಟ್ಟುವುದನ್ನು ತೋರಿಸುವುದಕ್ಕೂ ಬೇಕಾದುದು ಅದೇ ಒಂದು ಮುಖ. ಮುಖವಾಡ ತೆಗೆದ ತಂದೆಯ ಹೆಣವನ್ನು ಮಗನು ನೋಡುತ್ತಾನೆ. ಅಲ್ಲಿ ಮಲಗಿರುವುದು ತಾನೇ. ಬಭ್ರುವಾಹನನಲ್ಲಿ ಆ ಮುಖ ಹಕ್ಕಿನ ಪ್ರಮಾಣವಾಯಿತು, ಇಲ್ಲಿ ಅದೇ ಸೆರೆಮನೆಯ ಗೋಡೆಯಾಗುತ್ತದೆ. ವರ್ಷ 1525 ಆಗಲಿ, 1536 ಆಗಲಿ, ಉಡುಪು ನೇರಳೆಯಾಗಲಿ ನೀಲಿಯಾಗಲಿ, ನಾಡು ಬಂಗಲ್ಲವಾಗಲಿ ಡೆಂಕಾಲಿಯಾಗಲಿ, ಈ ಒಂದು ದೃಶ್ಯ ಎಲ್ಲ ಪಾಠಗಳಿಗೂ ಸಮಾನ. ಮೂರು ಬುರುಡೆಗಳನ್ನೂ ವಿಮಾನಗಳನ್ನೂ ಬಿಟ್ಟು ಇದೊಂದನ್ನು ಹಿಡಿದಿದ್ದರೆ ಸಾಕಾಗುತ್ತಿದ್ದಿತು.

ಇನ್ನೊಂದು ಸಾಮ್ಯವನ್ನು ಅವನಿಗೆ ತೋರಿಸಿದೆನು. ಅದನ್ನು ಅವನು ಬರೆದುಕೊಂಡನು. ಆದಿಪರ್ವದಲ್ಲಿ ಮಣಿಪುರದ ರಾಜ ಚಿತ್ರವಾಹನನು ಅರ್ಜುನನಿಗೆ ತನ್ನ ವಂಶದ ವಿಚಾರವನ್ನು ಹೇಳುತ್ತಾನೆ. ಶಂಕರನ ವರದಿಂದ ಆ ವಂಶದಲ್ಲಿ ತಲೆಮಾರಿಗೊಂದೇ ಸಂತಾನ. ಹಿಂದಿನವರಿಗೆಲ್ಲ ಗಂಡಾಯಿತು, ತನಗೆ ಹೆಣ್ಣಾಯಿತು. ಆದುದರಿಂದ ಚಿತ್ರಾಂಗದೆಯನ್ನೇ ಪುತ್ರನೆಂದು ಎಣಿಸಿದ್ದೇನೆ, ಅವಳ ಮಗನು ನಮ್ಮ ವಂಶದವನೇ ಆಗಬೇಕು ಎಂದು ಕರಾರು ಹಾಕುತ್ತಾನೆ. ಅರ್ಜುನನು ಮಗನನ್ನು ಅಲ್ಲಿಯೇ ಬಿಟ್ಟುಬಂದುದಕ್ಕೂ, ಮುಂದಿನ ಕಾಳಗಕ್ಕೂ ಮೂಲ ಈ ಕರಾರಿನಲ್ಲಿದೆ. ಫ್ಯಾಂಟಮ್ಮನ ವಂಶಾವಳಿಯಲ್ಲಿಯೂ ಇದಕ್ಕೆ ಹತ್ತಿರವಾದ ಒಂದು ಕಥೆಯುಂಟು. 17ನೆಯವನಿಗೆ ಜೂಲಿ ಎಂಬ ಅವಳಿ ಸೋದರಿಯಿದ್ದಳು. ಅಣ್ಣನು ಮಲಗಿದಾಗ ಮುಖವಾಡ ತೊಟ್ಟು ಕಾಡಿಗೆ ಹೊರಟವಳು ಅವಳು. 21ನೆಯವನಿಗೂ ಡಯಾನಾಳಲ್ಲಿ ಅವಳಿ ಮಕ್ಕಳು, ಒಂದು ಗಂಡು, ಒಂದು ಹೆಣ್ಣು. ಹಲಸೂರಿನ ಹೆಣ್ಣುಮಕ್ಕಳು ನಮ್ಮ ಕೈಯಿಂದ ಸಂಚಿಕೆ ಕಿತ್ತುಕೊಂಡು ಮೊದಲು ಹುಡುಕುತ್ತಿದ್ದುದು ಜೂಲಿಯ ಕಥೆಯನ್ನು. 1996ರ ಚಿತ್ರದಲ್ಲಿ ಅವಳ ಸುಳಿವಿಲ್ಲ.